ಜ್ವರಕ್ಕೆ ಕೂರುವ ಜಾಗ

ಶಿಡ್ಲಘಟ್ಟದ ಎದೆರೋಗದ ಆಸ್ಪತ್ರೆಗೆ
ನಾನು ಬರೆದ ಮೊದಲ ನಕ್ಷೆ ಹದ್ದು ಕಂಡಂತಿತ್ತು:
ಮೇಲಿನಿಂದ ಎಲ್ಲ ಚೆಂದ, ಎಲ್ಲ ಅಳತೆಗೆ ಸರಿ.
ನಲವತ್ತು ಹಾಸಿಗೆ, ಮೂಲೆಯಲ್ಲೊಂದು ನೆಮ್ಮದಿ ಕೋಣೆ,
ಅದರಲ್ಲಿ ಚಾಪೆ, ಸಣ್ಣ ಕಾರಂಜಿ,
ಗೋಡೆಗೆಲ್ಲ ಹಾಲುಬಿಳಿ.

ಒಂದು ಮಧ್ಯಾಹ್ನ ಹಳೇ ಆಸ್ಪತ್ರೆಯಲ್ಲಿ
ಖಾಲಿ ಸ್ಟ್ರೆಚರ್ ಮೇಲೆ ಸುಮ್ಮನೆ ಮಲಗಿದೆ.
ವಾರ್ಡ್‌ಬಾಯ್ ನಗುತ್ತ ತಳ್ಳಿದ.
ರೋಗಿಗೆ ಕಟ್ಟಡವೆಂದರೆ ಸೂರು, ಅಷ್ಟೇ:
ಟ್ಯೂಬ್‌ಲೈಟು, ಜೇಡನ ಬಲೆ, ಟ್ಯೂಬ್‌ಲೈಟು,
ಸೋರಿ ಒಣಗಿದ ನೀರಿನ ಕಲೆ, ಯಾವುದೋ ದೇಶದ ಭೂಪಟ,
ಆಮೇಲೆ ಯಾರದೋ ಗದ್ದ.
ಸೂರಿನ ಬಗ್ಗೆ ನಾನು ಬರೆದಿದ್ದು ಒಂದೇ ಶಬ್ದ: ಪ್ಲಾಸ್ಟರ್.

ಆ ಸೂರಿನ ಕೆಳಗೆ ಪಿಳ್ಳಮುನಿಯಮ್ಮ, ಹನ್ನೊಂದು ದಿನದಿಂದ,
ಮೂಗಿಗೆ ನಳಿಕೆ.
ಅವಳ ಹೊದಿಕೆಯ ಮೇಲೆ ನಕ್ಷೆ ಹರಡಿದೆ.
‘ಬಿಳಿ ಬ್ಯಾಡಮ್ಮಾ’ ಅಂದಳು,
‘ಸುಣ್ಣಕಟ್ಟು ಬಂದ ಹುಳ ಹಿಂಗೇ ಇರ್ತದೆ,
ಬೆಳ್ಳಗೆ, ಗಟ್ಟಿಗೆ, ಮುಟ್ಟಿದ್ರೆ ಸೀಮೆಸುಣ್ಣ.
ಕಣ್ಣು ಬಿಟ್ರೆ ಅದೇ ಕಾಣ್ಬೇಕಾ?’

ಪಕ್ಕದ ಮಂಚದ ಜಬೀನ್‌ತಾಜ್,
ಮೂವತ್ತು ವರ್ಷ ಕುದಿನೀರಲ್ಲಿ ಕೈಯಿಟ್ಟು ನೂಲು ತೆಗೆದವಳು,
ಬೆರಳ ತುದಿಯ ಗೆರೆ ಸವೆದು
ರೇಷನ್ ಅಂಗಡಿಯ ಯಂತ್ರಕ್ಕೂ ಗುರುತು ಸಿಗದವಳು,
ಆ ಬೆರಳನ್ನು ನನ್ನ ದೊಡ್ಡ ಕಿಟಕಿಯ ಮೇಲಿಟ್ಟಳು:
‘ಇದು ಫಿಲೇಚರ್ ಬೀದಿ ಕಡೆ. ನಾಲ್ಕು ಗಂಟೆಗೆ ಗಾಳಿ ತಿರುಗ್ತದೆ.
ಆ ವಾಸನೆ ಬಿಟ್ಟು ಬರೋಕೇ ಇಲ್ಲಿಗೆ ಬಂದಿರೋದು.
ಮುಚ್ಚಿಬಿಡಿ.’
ಐದು ವರ್ಷ ಬೆಳಕನ್ನೇ ಓದಿದವಳು
ಪೆನ್ಸಿಲ್ ತೆಗೆದು ಮುಚ್ಚಿದೆ.

‘ಈ ನೆಮ್ಮದಿ ಕೋಣೆ ಅಂದ್ರೇನು?’
ಏನೇನೋ ಹೇಳಿದೆ: ಉಸಿರಿನ ಅಭ್ಯಾಸ, ಧ್ಯಾನ,
ಹಸಿರು ಕಂಡರೆ ನೋವು ಇಳಿಯುತ್ತದೆಂಬ ಲೆಕ್ಕಾಚಾರ.
ಪಿಳ್ಳಮುನಿಯಮ್ಮನಿಗೆ ಕೆಮ್ಮಿ ಮುಗಿಸಲು ಸ್ವಲ್ಪ ಹೊತ್ತು ಬೇಕಾಯಿತು.
‘ಹುಳಕ್ಕೆ ನಾಲ್ಕು ಜ್ವರ. ಜ್ವರಕ್ಕೆ ಕೂತ್ರೆ
ತಲೆ ಎತ್ಕೊಂಡು ಸುಮ್ನೆ ಇರ್ತದೆ.
ಆಗ ಸೊಪ್ಪು ಹಾಕ್ಬಾರ್ದು, ತಟ್ಟೆ ಅಲ್ಲಾಡಿಸ್ಬಾರ್ದು,
ಮನೇಲಿ ಒಗ್ಗರಣೆ ಕೂಡ ಹಾಕಲ್ಲ ನಾವು.
ಬಾಗಿಲಲ್ಲಿ ಕಾಲು ತೊಳ್ಕೊಂಡು ಒಳಕ್ಕೋಗಿ ನೋಡ್ತೀವಿ, ಬರ್ತೀವಿ.
ಹಳೇ ಚರ್ಮ ಬಿಟ್ಟು ಅದೇ ಏಳ್ತದೆ.
ಇಲ್ಲಿ ಎಲ್ಲಾ ಐತೆ ತಾಯಿ, ಅಂಗೆ ಕೂರೋ ಜಾಗ ಇಲ್ಲ.
ಗಳಿಗೆಗೊಂದ್ಸಲ ತಟ್ಟೆ ಅಲ್ಲಾಡಿಸ್ತಾರೆ.’

‘ಗೂಡು ಕಟ್ಟಿದ್ಮೇಲೆ ಬೇಯಿಸ್ತೀವಲ್ಲ, ಅದನ್ನೂ ಹೇಳು’
ಅಂದಳು ಜಬೀನ್‌ತಾಜ್.
ಇಬ್ಬರೂ ನಕ್ಕರು, ನಳಿಕೆ ಜಾರುವಷ್ಟು.
ನನಗೆ ನಗು ಬರಲಿಲ್ಲ.

ಆ ರಾತ್ರಿ ಕಾರಂಜಿ ಅಳಿಸಿದೆ.
ಎರಡು ಹಾಸಿಗೆ ಅಳಿಸಿ ಅಲ್ಲೊಂದು ಅಂಗಳ ಬರೆದೆ,
ಕಡಿಯಲು ಗುರುತು ಹಾಕಿದ್ದ ಹೊಂಗೆ ಮರವನ್ನು ನಡುವೆ ಬಿಟ್ಟು.
ಮಂಚದೆತ್ತರಕ್ಕೆ ಕಲ್ಲುಜಗಲಿ,
ಆಕ್ಸಿಜನ್ ನಳಿಕೆ ಎಷ್ಟುದ್ದವೋ ಅಷ್ಟೇ ದೂರ ಬಾಗಿಲಿಗೆ.
ಸೂರಿಗೆ ಹೆಂಚಿನ ಬಣ್ಣ.
ಜೊತೆಗೆ ಬಂದವರಿಗೆ ಗಂಜಿ ಕಾಯಿಸಲು ಹಿತ್ತಲಲ್ಲೊಂದು ಒಲೆ.

ಕಮಿಟಿಯ ಚೌಡರೆಡ್ಡಿ ಪೆನ್ನಿನ ತುದಿಯಿಂದ ಎಣಿಸಿದರು:
‘ಎರಡು ಹಾಸಿಗೆ ಎಲ್ಲಿ ಹೋದ್ವು ಮೇಡಂ?’
ಹುಳದ ಕಥೆ ಹೇಳಿದೆ. ಅರ್ಧ ನಂಬಿದರು.
ಕಟ್ಟಿದೆವು.

ಪಿಳ್ಳಮುನಿಯಮ್ಮ ಹೊಸ ಸೂರು ನೋಡಲಿಲ್ಲ.
ಜಬೀನ್‌ತಾಜ್ ತಿಂಗಳಿಗೊಮ್ಮೆ ಬರುತ್ತಾಳೆ,
ಮಂಗಳವಾರ ವಾಸನೆ ಇನ್ನೂ ಬರುತ್ತದೆಂದು ದೂರುತ್ತಾಳೆ.

ಮಾಗಿಯ ಚಳಿಗೆ ಮೂವತ್ತೆಂಟೂ ತುಂಬಿದ ರಾತ್ರಿ
ಮೂವತ್ತೊಂಬತ್ತನೆಯವನನ್ನು ಅಂಗಳಕ್ಕೆ ತಂದರು.
ಡ್ರಿಪ್ ಬಾಟಲಿ ಹೊಂಗೆಯ ಕೊಂಬೆಗೆ.
ಅಳಿಸಿದ ಎರಡು ಹಾಸಿಗೆಗಳು
ಅವನ ಪಕ್ಕೆಲುಬಿನ ಜೊತೆ ಏರಿದವು, ಇಳಿದವು,
ನನ್ನ ಯಾವ ವಾದಕ್ಕೂ ನಿಲ್ಲದೆ.

ಮಲಗಿದರೆ ಉಸಿರು ಸಿಗದು.
ಕಂಬಳಿ ಹೊದ್ದು, ಜಗಲಿಗೆ ಒರಗಿ,
ತಲೆ ಎತ್ತಿಕೊಂಡು ಸುಮ್ಮನೆ ಕೂತಿದ್ದ.

ಬಾಗಿಲಲ್ಲಿ ಆಯಾ ತುಟಿಗೆ ಬೆರಳಿಟ್ಟಳು.
ನಾನು ಚಪ್ಪಲಿ ಬಿಟ್ಟು
ಕಾಲು ತೊಳೆದೆ.